ಹಳೆಯ ಅಡ್ವೆಂಚರ್ ಗೇಮ್ ಫೋನಿನಲ್ಲಿ ತೊಂದರೆ ಕೊಟ್ಟರೆ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಮಂಡ್ಯದಲ್ಲಿರುವ ನನ್ನ ಅಣ್ಣನ ಮಗಳು ಬೇಸಿಗೆ ರಜೆಗೆ ಮೈಸೂರಿಗೆ ಬಂದವಳು, ಬಂದ ದಿನವೇ ಫೋನನ್ನು ನನ್ನ ಮುಂದೆ ಹಿಡಿದಳು. “ಚಿಕ್ಕಪ್ಪ, ಈ ಆಟ ಕೆಟ್ಟುಹೋಗಿದೆ ನೋಡಿ. ಎರಡು ದಿನದಿಂದ ಇವನು ಎಲ್ಲವನ್ನೂ ನೋಡಿ ಮಾತನಾಡುತ್ತಾನೆಯೇ ಹೊರತು ಒಂದನ್ನೂ ಮುಟ್ಟುವುದಿಲ್ಲ.”

ಆಟ 1994ರ ‘ಬಿನೀತ್ ಎ ಸ್ಟೀಲ್ ಸ್ಕೈ’. ಅದು ಕೆಟ್ಟಿರಲಿಲ್ಲ. ಆ ಆಟದಲ್ಲಿ ಮೌಸಿನ ಎಡಗುಂಡಿ ವಸ್ತುವನ್ನು ನೋಡುವುದಕ್ಕೆ, ಬಲಗುಂಡಿ ಅದನ್ನು ಎತ್ತುವುದಕ್ಕೆ ಮತ್ತು ಬಳಸುವುದಕ್ಕೆ. ಫೋನಿನಲ್ಲಿ ಒಂದು ಬೆರಳಿನಿಂದ ತಟ್ಟಿದರೆ ಅದು ಎಡಗುಂಡಿ. ಬಲಗುಂಡಿ ಬೇಕಾದರೆ ಎರಡು ಬೆರಳನ್ನು ಒಟ್ಟಿಗೆ ತಟ್ಟಬೇಕು. ಅವಳ ಎರಡು ಬೆರಳು ಗಾಜಿಗೆ ತಾಗಿದ ಮರುಕ್ಷಣ ಕಥಾನಾಯಕ ಫಾಸ್ಟರ್ ಮೆಟ್ಟಿಲಿನ ಸಡಿಲ ಕಂಬಿಯನ್ನು ಕೈಗೆ ತೆಗೆದುಕೊಂಡ. ಆದರೆ ಅಷ್ಟರಲ್ಲಿ ಅವಳು ಆ್ಯಪನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದ್ದಳು. ಅದರ ಜೊತೆಗೆ, ಮುಕ್ಕಾಲು ಭಾಗ ಆಡಿ ಮುಗಿಸಿದ್ದ ಇನ್ನೊಂದು ಆಟದ ಸೇವ್‌ಗಳೂ ಹೋಗಿದ್ದವು. ಈ ಕೈಪಿಡಿಯನ್ನು ಬರೆಯುವುದಕ್ಕೆ ಆ ನಷ್ಟವೇ ಕಾರಣ. ಏನು ತೊಂದರೆ ಬಂದರೂ ಮೊದಲು ಅನ್‌ಇನ್‌ಸ್ಟಾಲ್ ಮಾಡುವುದು ನಮ್ಮ ಕಡೆ ಬಹಳ ಜನರ ಅಭ್ಯಾಸ. ಈ ಆಟಗಳ ವಿಷಯದಲ್ಲಿ ಅದಕ್ಕಿಂತ ದುಬಾರಿಯಾದ ಚಿಕಿತ್ಸೆ ಬೇರೆ ಇಲ್ಲ.

ಕೆಳಗೆ ಬರೆದಿರುವುದು ಆಂಡ್ರಾಯ್ಡ್ ಫೋನಿನಲ್ಲಿ ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶದ ಮೂಲಕ ಆಡುವವರಿಗೆ. ಮೆನುಗಳ ಹೆಸರು ಆವೃತ್ತಿಯಿಂದ ಆವೃತ್ತಿಗೆ ಸ್ವಲ್ಪ ಬದಲಾಗಬಹುದು.

ದೋಷ ಹುಡುಕುವ ಮೊದಲು

ಸ್ಕಮ್‌ವಿಎಂ ಎಂದರೆ ಏನು ಎಂಬುದು ತಿಳಿದಿದ್ದರೆ ಅರ್ಧ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ. ಲ್ಯೂಕಸ್‌ಫಿಲ್ಮ್ ಗೇಮ್ಸ್ ಸಂಸ್ಥೆ 1987ರಲ್ಲಿ ‘ಮೇನಿಯಾಕ್ ಮ್ಯಾನ್ಷನ್’ ಆಟಕ್ಕಾಗಿ ಸ್ಕಮ್ ಎಂಬ ಒಂದು ವ್ಯವಸ್ಥೆಯನ್ನು ಕಟ್ಟಿತು. ಆ ವ್ಯವಸ್ಥೆಯಲ್ಲಿ ಬರೆದ ಆಟಗಳನ್ನು ಹೊಸ ಯಂತ್ರಗಳ ಮೇಲೆ ಓದಿ ನಡೆಸುವುದಕ್ಕಾಗಿ 2001ರಲ್ಲಿ ಸ್ಕಮ್‌ವಿಎಂ ಬಂತು. ಮುಂದೆ ಬೇರೆ ಸಂಸ್ಥೆಗಳ ಆಟಗಳನ್ನೂ ಓದುವುದನ್ನು ಕಲಿಯಿತು. ಕಾವ್ಯ ಬೇರೆ, ಅದನ್ನು ವಾಚಿಸುವ ಗಮಕಿ ಬೇರೆ. ಸ್ಕಮ್‌ವಿಎಂ ಗಮಕಿ. ಕಾವ್ಯವನ್ನು, ಅಂದರೆ ಆಟದ ಫೈಲ್‌ಗಳನ್ನು, ನೀವೇ ತಂದು ಅದರ ಮುಂದೆ ಇಡಬೇಕು. ಹಾಗಾಗಿ ತೊಂದರೆ ಬಂದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಪುಸ್ತಕದಲ್ಲಿ ಹಾಳೆ ಹರಿದಿದೆಯೇ, ಗಮಕಿಗೆ ಗಂಟಲು ಕಟ್ಟಿದೆಯೇ, ಅಥವಾ ಕೇಳುವ ನಮ್ಮ ಕಡೆಯೇ ಏನಾದರೂ ಅಡ್ಡಿಯಿದೆಯೇ?

ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆಯಿದೆ. ಇನ್ನೊಂದು ಆಟ ಹಾಕಿ ನೋಡಿ. ‘ಬಿನೀತ್ ಎ ಸ್ಟೀಲ್ ಸ್ಕೈ’, ‘ಲೂರ್ ಆಫ್ ದ ಟೆಂಪ್ಟ್ರೆಸ್’, ‘ಫ್ಲೈಟ್ ಆಫ್ ದ ಅಮೆಜಾನ್ ಕ್ವೀನ್’, ‘ಡ್ರಾಸ್ಕುಲಾ’ ಇವುಗಳನ್ನು ಹಕ್ಕುದಾರರೇ ಉಚಿತವಾಗಿ ಬಿಟ್ಟುಕೊಟ್ಟಿದ್ದಾರೆ. ಸ್ಕಮ್‌ವಿಎಂ ತಾಣದಿಂದಲೇ ಇಳಿಸಿಕೊಳ್ಳಬಹುದು. ಎರಡನೆಯ ಆಟ ಸರಿಯಾಗಿ ನಡೆದರೆ ದೋಷ ಮೊದಲನೆಯ ಆಟದ ಫೈಲ್‌ಗಳಲ್ಲಿದೆ. ಎರಡರಲ್ಲೂ ಅದೇ ತೊಂದರೆ ಕಂಡರೆ ಆ್ಯಪ್‌ನ ಸೆಟ್ಟಿಂಗ್ ಅಥವಾ ಫೋನಿನ ಕಡೆ ನೋಡಿ. ಈ ಒಂದು ಪರೀಕ್ಷೆ ನನಗೆ ಎಷ್ಟೋ ಗಂಟೆಗಳ ಅಲೆದಾಟವನ್ನು ತಪ್ಪಿಸಿದೆ.

ಲಕ್ಷಣ: ಆಟ ಸೇರಿಸಲು ಹೋದರೆ “ಆಟ ಸಿಗಲಿಲ್ಲ” ಎನ್ನುತ್ತದೆ

ಅತಿ ಹೆಚ್ಚು ಜನ ನಿಲ್ಲುವುದು ಇಲ್ಲಿಯೇ. ಮೊದಲು ನೋಡಬೇಕಾದದ್ದು ಜಿಪ್. ಇಳಿಸಿಕೊಂಡ ಫೈಲ್ ಜಿಪ್ ಕಟ್ಟಾಗಿಯೇ ಇದ್ದರೆ ಅದನ್ನು ಬಿಚ್ಚಬೇಕು. ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ಜಿಪ್ ಮೇಲೆ ಒತ್ತಿದಾಗ ಒಳಗಿನ ಹೆಸರುಗಳು ಕಂಡ ಮಾತ್ರಕ್ಕೆ ಅದು ಬಿಚ್ಚಿಕೊಂಡಿದೆ ಎಂದಲ್ಲ. ‘ಎಕ್ಸ್‌ಟ್ರಾಕ್ಟ್’ ಒತ್ತಿ, ಬೇರೆ ಫೋಲ್ಡರ್ ಹುಟ್ಟಿರುವುದನ್ನು ಕಣ್ಣಾರೆ ನೋಡಿ.

ಬಿಚ್ಚಿದ ಮೇಲೆ ಫೋಲ್ಡರ್ ಒಳಗೆ ಮತ್ತೊಂದು ಫೋಲ್ಡರ್ ಇರುವುದುಂಟು. ನೀವು ಹೊರಗಿನದನ್ನು ತೋರಿಸಿದರೆ ಅಲ್ಲಿ ಒಂದು ಫೈಲೂ ಇರುವುದಿಲ್ಲ, ಆದ್ದರಿಂದ ಆಟ ಸಿಗುವುದಿಲ್ಲ. ಸ್ಟೀಲ್ ಸ್ಕೈ ಆಟಕ್ಕೆ ‘ಸ್ಕೈ’ ಎಂಬ ಹೆಸರಿನ, ಡಿಎನ್‌ಆರ್ ಮತ್ತು ಡಿಎಸ್‌ಕೆ ಎಂಬ ಬಾಲವಿರುವ ಎರಡು ಫೈಲ್‌ಗಳು (sky.dnr, sky.dsk) ಕಾಣಬೇಕು. ಅವು ಯಾವ ಫೋಲ್ಡರಿನಲ್ಲಿ ನೇರವಾಗಿ ಕಾಣುತ್ತವೆಯೋ ಅದನ್ನೇ ತೋರಿಸಿ.

ಮೂರನೆಯದು ಹೊಸ ಫೋನುಗಳಲ್ಲಿ ಕಾಡುವ ತೊಂದರೆ. ಆಂಡ್ರಾಯ್ಡ್ 11ರಿಂದ ಈಚೆಗೆ ಸ್ಕಮ್‌ವಿಎಂನಂಥ ಆ್ಯಪಿಗೆ ಡೌನ್‌ಲೋಡ್ ಫೋಲ್ಡರನ್ನು ಇಡಿಯಾಗಿ ಒಪ್ಪಿಸಲು ಆಗುವುದಿಲ್ಲ. ಫೋನ್ ಸಂಗ್ರಹದ ಮೂಲವನ್ನೂ ಒಪ್ಪಿಸಲು ಬಿಡುವುದಿಲ್ಲ. ‘ಈ ಫೋಲ್ಡರ್ ಬಳಸಿ’ ಎಂಬ ಗುಂಡಿ ಮಂಕಾಗಿ ಒತ್ತಲು ಬಾರದಂತೆ ಕಂಡರೆ ಕಾರಣ ಇದೇ. ಸಂಗ್ರಹದಲ್ಲಿ ‘ಆಟಗಳು’ ಎಂದೋ ‘ಗೇಮ್ಸ್’ ಎಂದೋ ನಿಮ್ಮದೇ ಒಂದು ಹೊಸ ಫೋಲ್ಡರ್ ಮಾಡಿ, ಒಂದೊಂದು ಆಟಕ್ಕೂ ಅದರಲ್ಲಿ ಒಂದೊಂದು ಒಳ ಫೋಲ್ಡರ್ ಇಡಿ. ಆಮೇಲೆ ಸ್ಕಮ್‌ವಿಎಂ ಒಳಗೆ ಆಟ ಸೇರಿಸುವ ಕಿಟಕಿಯಲ್ಲಿ ಮೇಲೆ ಮೇಲೆ ಹೋಗುತ್ತಾ ತುದಿ ಮುಟ್ಟಿ. ಅಲ್ಲಿ ಹೊಸ ಫೋಲ್ಡರ್ ಸೇರಿಸುವ ಸಾಲೊಂದು ಸಿಗುತ್ತದೆ. ಅದನ್ನು ಒತ್ತಿದರೆ ಆಂಡ್ರಾಯ್ಡ್‌ನದೇ ಕಿಟಕಿ ತೆರೆದು ಅನುಮತಿ ಕೇಳುತ್ತದೆ. ತಾಯಿ ಫೋಲ್ಡರಿಗೆ ಒಮ್ಮೆ ಅನುಮತಿ ಕೊಟ್ಟರೆ ಒಳಗಿನ ಎಲ್ಲ ಆಟಗಳಿಗೂ ಅದು ಸಾಕು. ನಾನು ನೋಡಿದ ಫೋನುಗಳಲ್ಲಿ ಈ ಸಾಲನ್ನು ಕಂಡುಹಿಡಿಯದೆ ಕೈಬಿಟ್ಟವರೇ ಹೆಚ್ಚು.

ಇಷ್ಟಾದರೂ ಸಿಗದಿದ್ದರೆ ಫೈಲಿನ ಗಾತ್ರ ನೋಡಿ. ಸ್ಟೀಲ್ ಸ್ಕೈ ಆಟದ ಸಿಡಿ ಆವೃತ್ತಿ ಸುಮಾರು 70 ಎಂಬಿ. ರೈಲಿನಲ್ಲಿ ಕುಳಿತು ಇಳಿಸಿಕೊಳ್ಳುವಾಗ ನಡುವೆ ಸಿಗ್ನಲ್ ಹೋಗಿ ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು. ತಾಣದಲ್ಲಿ ಬರೆದ ಗಾತ್ರಕ್ಕೂ ನಿಮ್ಮ ಫೋನಿನಲ್ಲಿರುವುದಕ್ಕೂ ವ್ಯತ್ಯಾಸವಿದ್ದರೆ ಮತ್ತೆ ಇಳಿಸಿಕೊಳ್ಳಿ.

ಹಣ ಕೊಟ್ಟು ಕೊಂಡ ಆಟಗಳದು ಬೇರೆ ಕಥೆ. ಅವು ಸಾಮಾನ್ಯವಾಗಿ ವಿಂಡೋಸ್‌ಗೆ ಹಾಕುವ ಇನ್‌ಸ್ಟಾಲರ್ ರೂಪದಲ್ಲಿ ಬರುತ್ತವೆ. ಫೋನ್ ಅದನ್ನು ತೆರೆಯಲಾರದು. ಕಂಪ್ಯೂಟರಿನಲ್ಲಿ ಒಮ್ಮೆ ಇನ್‌ಸ್ಟಾಲ್ ಮಾಡಿ, ಹುಟ್ಟಿದ ಫೋಲ್ಡರಿನಿಂದ ಆಟದ ಫೈಲ್‌ಗಳನ್ನು ಕೇಬಲ್ ಮೂಲಕ ಫೋನಿಗೆ ಸಾಗಿಸಬೇಕು.

ಕೊನೆಗೆ, “ಅಪರಿಚಿತ ಆವೃತ್ತಿ” ಎಂಬ ಸಂದೇಶ. ಸ್ಕಮ್‌ವಿಎಂ ಆಟವನ್ನು ಗುರುತಿಸುವುದು ಹೆಸರಿನಿಂದ ಮಾತ್ರವಲ್ಲ. ಸಾಮಾನ್ಯವಾಗಿ ಫೈಲಿನ ಮೊದಲ 5000 ಬೈಟ್‌ಗಳಿಂದ ಒಂದು ಲೆಕ್ಕ ತೆಗೆದು, ಫೈಲಿನ ಗಾತ್ರದ ಜೊತೆಗೆ ತನ್ನ ಪಟ್ಟಿಗೆ ಹೋಲಿಸುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಫೈಲ್ ಹಾಳಾಗಿದೆ, ಯಾರೋ ತಿದ್ದಿದ್ದಾರೆ, ಅಥವಾ ಪಟ್ಟಿಯಲ್ಲಿ ಇಲ್ಲದ ಅಪರೂಪದ ಆವೃತ್ತಿ ನಿಮ್ಮ ಬಳಿ ಇದೆ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಪ್ರತಿಯಾಗಿದ್ದರೆ ಅದನ್ನು ಬಿಟ್ಟುಬಿಡಿ. ಅಂಥ ಪ್ರತಿಗಳ ಜೊತೆ ಬೇರೆ ಏನು ಬರುತ್ತದೆಯೋ ಗೊತ್ತಾಗುವುದಿಲ್ಲ. ಮುಖ್ಯವಾಗಿ, ಆಟದ ಹೆಸರಿನಲ್ಲಿ ಬಂದ ಎಪಿಕೆ ಫೈಲನ್ನು (ಆಂಡ್ರಾಯ್ಡ್ ಆ್ಯಪ್ ಹಾಕುವ ಫೈಲ್) ಎಂದೂ ಹಾಕಬೇಡಿ. ಬ್ಯಾಂಕಿನ ಆ್ಯಪೂ ಇರುವ ಫೋನು ಅದು.

ಲಕ್ಷಣ: ಬೆರಳು ಒಂದು ಕಡೆ, ಬಾಣ ಇನ್ನೊಂದು ಕಡೆ

ಸ್ಕಮ್‌ವಿಎಂ ಬೆರಳನ್ನು ಎರಡು ರೀತಿಯಲ್ಲಿ ಅರ್ಥ ಮಾಡಿಕೊಳ್ಳಬಲ್ಲದು. ನೇರ ವಿಧಾನದಲ್ಲಿ ನೀವು ಮುಟ್ಟಿದ ಜಾಗಕ್ಕೇ ಬಾಣ, ಅಂದರೆ ಮೌಸಿನ ಕರ್ಸರ್, ಬರುತ್ತದೆ. ಟಚ್‌ಪ್ಯಾಡ್ ವಿಧಾನದಲ್ಲಿ ಪರದೆಯಿಡೀ ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಂತೆ ಕೆಲಸ ಮಾಡುತ್ತದೆ: ಬೆರಳನ್ನು ಎಲ್ಲಿಟ್ಟು ಎಳೆದರೂ ಬಾಣ ತಾನಿದ್ದ ಜಾಗದಿಂದ ಆ ದಿಕ್ಕಿಗೆ ಸರಿಯುತ್ತದೆ. ಬಾಣ ನಿಮ್ಮ ಬೆರಳಿನಿಂದ ದೂರದಲ್ಲಿ, ಆದರೆ ಬೆರಳು ಹೋದ ದಿಕ್ಕಿಗೇ ಹೋಗುತ್ತಿದ್ದರೆ ಏನೂ ಕೆಟ್ಟಿಲ್ಲ. ನೀವು ಟಚ್‌ಪ್ಯಾಡ್ ವಿಧಾನದಲ್ಲಿದ್ದೀರಿ. ಈಚಿನ ಆವೃತ್ತಿಗಳಲ್ಲಿ ಪರದೆಯ ಮೇಲಿನ ಮೂಲೆಯಲ್ಲಿ ಮಸುಕಾಗಿ ಕಾಣುವ ಗುರುತನ್ನು ತಟ್ಟಿದರೆ ವಿಧಾನ ಬದಲಾಗುತ್ತದೆ. ಆ ಗುರುತೇ ಕಾಣದಿದ್ದರೆ ಆಯ್ಕೆಗಳಲ್ಲಿ ಪರದೆಯ ಮೇಲಿನ ನಿಯಂತ್ರಣ ತೋರಿಸುವ ಗೆರೆಗೆ ಗುರುತು ಹಾಕಿ.

ನನ್ನ ಅಭಿಪ್ರಾಯದಲ್ಲಿ ಈ ಆಟಗಳಿಗೆ ಟಚ್‌ಪ್ಯಾಡ್ ವಿಧಾನವೇ ಸರಿ. ಕಾರಣವನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಆ ಕಾಲದ ಬಹುಪಾಲು ಆಟಗಳ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆಗಳದು. ಆರೂವರೆ ಇಂಚಿನ ಇಂದಿನ ಫೋನನ್ನು ಅಡ್ಡ ಹಿಡಿದರೆ ಆಟದ ಚಿತ್ರ ಸುಮಾರು 9 ಸೆಂಟಿಮೀಟರ್ ಅಗಲದಲ್ಲಿ ಕೂರುತ್ತದೆ. ಅಂದರೆ ಒಂದು ಚುಕ್ಕೆ ಸುಮಾರು 0.28 ಮಿಲಿಮೀಟರ್. ನಾಲ್ಕು ಚುಕ್ಕೆ ಅಗಲದ ಒಂದು ಬೀಗದ ಕೈ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು, ಸಾಸಿವೆ ಕಾಳಿನಷ್ಟು. ಬೆರಳಿನ ತುದಿ 8ರಿಂದ 10 ಮಿಲಿಮೀಟರ್. ನೇರ ವಿಧಾನದಲ್ಲಿ ಆ ಸಾಸಿವೆಯ ಮೇಲೆ ಬೆರಳಿಟ್ಟರೆ ಅದೂ ಕಾಣುವುದಿಲ್ಲ, ಅದರ ಹೆಸರು ಮೂಡಿತೇ ಎಂಬುದೂ ಕಾಣುವುದಿಲ್ಲ. ಟಚ್‌ಪ್ಯಾಡ್ ವಿಧಾನದಲ್ಲಿ ಬೆರಳು ಪರದೆಯ ಖಾಲಿ ಅಂಚಿನಲ್ಲಿರುತ್ತದೆ, ಕಣ್ಣು ಬಾಣದ ತುದಿಯ ಮೇಲಿರುತ್ತದೆ.

ಸ್ಟೀಲ್ ಸ್ಕೈ ಆಟದಲ್ಲಿ ಇನ್ನೊಂದು ಕಾರಣವೂ ಇದೆ. ಅಲ್ಲಿ ಕೂಡಿಹಾಕಿದ ವಸ್ತುಗಳ ಪಟ್ಟಿ ಕಾಣಬೇಕಾದರೆ ಬಾಣವನ್ನು ಪರದೆಯ ತೀರಾ ಮೇಲಂಚಿಗೆ ಒಯ್ಯಬೇಕು. ನೇರ ವಿಧಾನದಲ್ಲಿ ಅಲ್ಲಿಗೆ ಬೆರಳು ಹಾಕಿದರೆ ಆಟದ ಪಟ್ಟಿಯ ಬದಲು ಫೋನಿನ ನೋಟಿಫಿಕೇಷನ್ ಪರದೆ ಇಳಿದುಬರುತ್ತದೆ. ಕೆಳಗೆ ‘ತೆರೆ’, ‘ಎತ್ತು’ ಎಂಬಂಥ ಕ್ರಿಯಾಪದಗಳ ಸಾಲಿರುವ ಆಟಗಳಲ್ಲಿ ಕೆಳಂಚಿನ ಸ್ವೈಪ್ ಹೀಗೆಯೇ ಆಟದಿಂದ ಹೊರಗೆ ಎಸೆಯುತ್ತದೆ. ಫೋನಿನ ಸೆಟ್ಟಿಂಗ್‌ನಲ್ಲಿ ಸ್ವೈಪ್ ಬಿಟ್ಟು ಮೂರು ಗುಂಡಿಗಳ ನ್ಯಾವಿಗೇಷನ್‌ಗೆ ಬದಲಾಯಿಸಿಕೊಂಡರೆ ಈ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ.

ಎರಡು ಬೆರಳಿನ ತಟ್ಟು ಹಿಡಿಯದಿದ್ದರೆ ಎರಡೂ ಬೆರಳು ಒಂದೇ ಸಲ ತಾಗುತ್ತಿವೆಯೇ ನೋಡಿ. ಒಂದು ಮೊದಲು, ಇನ್ನೊಂದು ಆಮೇಲೆ ತಾಗಿದರೆ ಎಡಗುಂಡಿ ಎಂದೇ ಎಣಿಕೆಯಾಗಬಹುದು. ಬೆರಳುಗಳ ನಡುವೆ ಎರಡು ಬೆರಳಷ್ಟು ಅಂತರ ಬಿಟ್ಟರೆ ಸುಲಭ. ವಯಸ್ಸಾದವರಿಗೆ, ಕೈ ನಡುಗುವವರಿಗೆ ಇದನ್ನು ಕಲಿಸಲು ಹೋಗದೆ ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಒಂದು ಓಟಿಜಿ ಕೊಂಡಿ ಕೊಟ್ಟು ಸಾಧಾರಣ ಯುಎಸ್‌ಬಿ ಮೌಸ್ ಸಿಕ್ಕಿಸಿಬಿಡಿ. ಈ ಆಟಗಳು ಹುಟ್ಟಿದ್ದೇ ಮೌಸಿಗಾಗಿ.

ಲಕ್ಷಣ: ಯಾರೂ ಮುಟ್ಟದೆ ಬಾಣ ತಾನಾಗಿಯೇ ಓಡಾಡುತ್ತದೆ, ಒತ್ತಿಕೊಳ್ಳುತ್ತದೆ

ಫೋನ್ ಚಾರ್ಜಿಗೆ ಹಾಕಿದೆಯೇ? ಹಾಕಿದ್ದರೆ ತೆಗೆಯಿರಿ. ಬಾಣ ತಟ್ಟನೆ ನಿಂತರೆ ದೋಷ ಚಾರ್ಜರಿನದು. ಪರದೆಯ ಗಾಜಿನಡಿ ಇರುವ ತೆಳುವಾದ ಬಲೆ ಬೆರಳು ತಂದ ಸಣ್ಣ ವಿದ್ಯುತ್ ಬದಲಾವಣೆಯನ್ನು ಅಳೆಯುತ್ತದೆ. ಕಳಪೆ ಚಾರ್ಜರಿನ ಒಳಗಿನ ವಿದ್ಯುತ್ ಗದ್ದಲ ಅದೇ ಬಲೆಗೆ ನುಗ್ಗಿದಾಗ ಫೋನಿಗೆ ಅದು ಬೆರಳಿನಂತೆಯೇ ತೋರುತ್ತದೆ. ಬೇರೆ ಚಾರ್ಜರ್, ಬೇರೆ ಕೇಬಲ್ ಹಾಕಿ ನೋಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಇರುವುದನ್ನೇ ಕೊಳ್ಳಿ. ಚಾರ್ಜಿನಲ್ಲಿರುವಾಗ ಫೋನಿನ ಲೋಹದ ಅಂಚು ಮುಟ್ಟಿದರೆ ಚುರುಗುಟ್ಟುತ್ತದೆ ಎಂದಾದರೆ ಆ ಚಾರ್ಜರನ್ನು ಅಂದೇ ಬಿಡಿ. ಹಳೆಯ ಮನೆಗಳ ಸಡಿಲ ಸಾಕೆಟ್ಟಿನಲ್ಲಿ, ಒದ್ದೆ ಕೈಯಲ್ಲಿ ಅದನ್ನು ಪರೀಕ್ಷಿಸುತ್ತಾ ಕೂರಬೇಡಿ.

ಚಾರ್ಜರ್ ಇಲ್ಲದೆಯೂ ಹೀಗಾದರೆ ಪರದೆಯನ್ನು ಒಣಗಿದ ಹತ್ತಿ ಬಟ್ಟೆಯಲ್ಲಿ ಒರೆಸಿ. ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಮದ್ದೂರು ವಡೆ ತಿಂದ ಕೈಯಲ್ಲೇ ಆಡಿದರೆ ಬೆರಳು ಜಾರುತ್ತದೆ. ಬೆವರು, ನೀರಿನ ಹನಿಗಳಂತೂ ಟಚ್ಚನ್ನು ಪೂರ್ತಿ ದಾರಿ ತಪ್ಪಿಸುತ್ತವೆ. ಆಮೇಲೆ ಟೆಂಪರ್ಡ್ ಗ್ಲಾಸ್ ಅಂಚು ಎದ್ದು ಒಳಗೆ ತೇವ ಸೇರಿದೆಯೇ ನೋಡಿ.

ಇವೆಲ್ಲ ಆದ ಮೇಲೂ ಅನುಮಾನವಿದ್ದರೆ ಫೋನಿನಲ್ಲೇ ಒಂದು ಒಳ್ಳೆಯ ಸಾಕ್ಷಿಯಿದೆ. ಸೆಟ್ಟಿಂಗ್‌ನಲ್ಲಿ ‘ಫೋನಿನ ಬಗ್ಗೆ’ ಎಂಬಲ್ಲಿ ಬಿಲ್ಡ್ ನಂಬರನ್ನು ಏಳು ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಮುಟ್ಟಿದ ಜಾಗ ತೋರಿಸುವ ಆಯ್ಕೆಯನ್ನು ಮಾತ್ರ ಹಾಕಿ. ಉಳಿದ ಯಾವುದನ್ನೂ ಮುಟ್ಟಬೇಡಿ. ಈಗ ಪ್ರತಿ ಸ್ಪರ್ಶಕ್ಕೂ ಒಂದು ಬಿಳಿ ಚುಕ್ಕೆ ಮೂಡುತ್ತದೆ. ಫೋನನ್ನು ಮೇಜಿನ ಮೇಲಿಟ್ಟು ಕೈ ಹಿಂದೆ ತೆಗೆದುಕೊಳ್ಳಿ. ಯಾರೂ ಮುಟ್ಟದೆ ಚುಕ್ಕೆ ಮೂಡಿದರೆ ಡಿಸ್‌ಪ್ಲೇ ಕೆಟ್ಟಿದೆ. ಅಲ್ಲಿಗೆ ನಿಲ್ಲಿಸಿ, ರಿಪೇರಿಗೆ ಕೊಡಿ. ತಾನಾಗಿ ಒತ್ತಿಕೊಳ್ಳುವ ಪರದೆ ಆಟದಲ್ಲಿ ತಪ್ಪು ಬಾಗಿಲು ತೆರೆದರೆ ಚಿಂತೆಯಿಲ್ಲ. ಹಣ ಕಳಿಸುವ ಆ್ಯಪಿನಲ್ಲಿ ಒತ್ತಿಕೊಂಡರೆ ಕಷ್ಟ.

ಲಕ್ಷಣ: ಚಿತ್ರ ಚಪ್ಪಟೆ, ಪಕ್ಕದಲ್ಲಿ ಕಪ್ಪು ಪಟ್ಟಿ, ಅಥವಾ ಬರೀ ಕಪ್ಪು

ಎರಡೂ ಪಕ್ಕದ ಕಪ್ಪು ಪಟ್ಟಿ ದೋಷವಲ್ಲ. ಆಟ 4:3 ಆಕಾರದ ಮಾನಿಟರಿಗೆ ಬರೆದದ್ದು, ಫೋನು ಅದಕ್ಕಿಂತ ಬಹಳ ಉದ್ದ. ಪಟ್ಟಿ ಹೋಗಲೆಂದು ಚಿತ್ರವನ್ನು ಎಳೆದರೆ ಪಾತ್ರಗಳೆಲ್ಲ ಅಡ್ಡಕ್ಕೆ ಊದಿಕೊಳ್ಳುತ್ತವೆ. ಹಾಗೆಯೇ ಬಿಡಿ.

ಮುಖಗಳು ಕುಳ್ಳಗೆ, ಚಂದ್ರ ಅಡ್ಡ ಮೊಟ್ಟೆಯಂತೆ ಕಂಡರೆ ಗ್ರಾಫಿಕ್ಸ್ ಆಯ್ಕೆಯಲ್ಲಿ ಆಸ್ಪೆಕ್ಟ್ ರೇಷಿಯೊ ತಿದ್ದುಪಡಿಯನ್ನು ಹಾಕಿ. 200 ಸಾಲುಗಳು 240 ಸಾಲಿನಷ್ಟು ಎತ್ತರಕ್ಕೆ ಹಿಗ್ಗಿ ಚಂದ್ರ ದುಂಡಗಾಗುತ್ತಾನೆ. ಪೂರ್ತಿ ಕಪ್ಪು ಬಂದರೆ ಬ್ಯಾಕ್ ಗುಂಡಿ ಒಮ್ಮೆ ಒತ್ತಿ. ಅದು ಎಸ್ಕೇಪ್ ಕೀಲಿಯಂತೆ ಕೆಲಸ ಮಾಡಿ ಆರಂಭದ ದೃಶ್ಯವನ್ನು ದಾಟಿಸುತ್ತದೆ. ಸದ್ದು ಬರುತ್ತಿದ್ದು ಚಿತ್ರ ಮಾತ್ರ ಇಲ್ಲದಿದ್ದರೆ ಗ್ರಾಫಿಕ್ಸ್ ಆಯ್ಕೆಗಳನ್ನು ಮೂಲ ಸ್ಥಿತಿಗೆ ತನ್ನಿ.

ಲಕ್ಷಣ: ಸದ್ದಿಲ್ಲ, ಮಾತಿಲ್ಲ, ಅಥವಾ ಸದ್ದು ಒಡೆಯುತ್ತದೆ

ಪೂರ್ತಿ ಮೌನವಿದ್ದರೆ ಮೊದಲು ಮೀಡಿಯಾ ವಾಲ್ಯೂಮ್ ನೋಡಿ. ರಿಂಗ್ ವಾಲ್ಯೂಮ್ ಬೇರೆ, ಅದು ಬೇರೆ. ನಂತರ ಬ್ಲೂಟೂತ್: ಪಕ್ಕದ ಕೋಣೆಯ ಸ್ಪೀಕರಿಗೋ ಬ್ಯಾಗಿನಲ್ಲಿರುವ ಇಯರ್‌ಬಡ್‌ಗೋ ಫೋನ್ ಸದ್ದಿಲ್ಲದೆ ಜೋಡಿಕೊಂಡಿರುತ್ತದೆ.

ಸಂಗೀತವಿದೆ, ಮಾತಿಲ್ಲ ಎಂದಾದರೆ ನೀವು ಇಳಿಸಿಕೊಂಡದ್ದು ಫ್ಲಾಪಿ ಆವೃತ್ತಿಯಾಗಿರಬಹುದು. ಸ್ಟೀಲ್ ಸ್ಕೈ ಫ್ಲಾಪಿಯಲ್ಲೂ ಬಂತು, ಸಿಡಿಯಲ್ಲೂ ಬಂತು. ಮಾತನಾಡುವುದು ಸಿಡಿ ಆವೃತ್ತಿ. ಮಾತಿದೆ, ಅಕ್ಷರವಿಲ್ಲ ಎಂದಾದರೆ ಆಡಿಯೊ ಆಯ್ಕೆಯಲ್ಲಿ ಮಾತು, ಅಕ್ಷರ, ಎರಡೂ ಎಂಬ ಮೂರರಲ್ಲಿ ಎರಡನ್ನೂ ಆರಿಸಿ. ಮಕ್ಕಳಿಗೆ ಈ ಆಟ ಕೊಡುವವರು ಇದನ್ನು ಮರೆಯಬೇಡಿ. ಕೇಳುತ್ತಾ ಓದಿದರೆ ಆ ವೇಗದ ಇಂಗ್ಲಿಷ್ ಕನ್ನಡ ಶಾಲೆಯ ಮಗುವಿಗೂ ಹಿಡಿತಕ್ಕೆ ಬರುತ್ತದೆ. ನನ್ನ ಅಣ್ಣನ ಮಗಳು ಹೊಸ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ರಾತ್ರಿ ಊಟಕ್ಕೆ ಕೂತಾಗ ಅರ್ಥ ಕೇಳುತ್ತಿದ್ದಳು.

ಸಂಗೀತ ಗೊರಗೊರ ಎಂದರೆ ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆಯನ್ನು ನಿಲ್ಲಿಸಿ ನೋಡಿ, ಬ್ಲೂಟೂತ್ ಬಿಟ್ಟು ಫೋನಿನ ಸ್ಪೀಕರಿನಲ್ಲೇ ಕೇಳಿ. ಎಂಟಿ-32 ಎಂಬ ಆಯ್ಕೆ ಹಾಕಿದ ಮೇಲೆ ಸಂಗೀತವೇ ನಿಂತಿದ್ದರೆ, ಆ ಹಳೆಯ ರೋಲೆಂಡ್ ವಾದ್ಯಯಂತ್ರದ ರೋಮ್ (ROM) ಫೈಲ್‌ಗಳು ನಿಮ್ಮಲ್ಲಿಲ್ಲ ಎಂದರ್ಥ. ಹಳೆಯ ಸೌಂಡ್ ಕಾರ್ಡಿನ ಧ್ವನಿಯಾದ ಆಡ್‌ಲಿಬ್‌ಗೆ ಮರಳಿ. ಎಷ್ಟೋ ಮನೆಗಳಲ್ಲಿ ಈ ಆಟಗಳನ್ನು ಕೇಳಿದ್ದೇ ಆ ಧ್ವನಿಯಲ್ಲಿ.

ಲಕ್ಷಣ: ಕೀಬೋರ್ಡ್ ಬರುವುದಿಲ್ಲ, ಸೇವ್ ಮಾಡುವ ಮೆನು ಸಿಗುವುದಿಲ್ಲ

ಮೇಲಿನ ಮೂಲೆಯ ಅದೇ ಗುರುತನ್ನು ಒತ್ತಿ ಹಿಡಿದರೆ ಕೀಬೋರ್ಡ್ ಬರುತ್ತದೆ. ಬಹಳಷ್ಟು ಆಟಗಳಲ್ಲಿ ಎಫ್5 ಕೀಲಿ ಆಟದ ಸ್ವಂತ ಸೇವ್ ಕಿಟಕಿಯನ್ನು ತೆರೆಯುತ್ತದೆ. ಹೊರಗಿನ ಕೀಬೋರ್ಡ್ ಜೋಡಿಸಿದ್ದರೆ ಕಂಟ್ರೋಲ್ ಮತ್ತು ಎಫ್5 ಒಟ್ಟಿಗೆ ಒತ್ತಿ, ಸ್ಕಮ್‌ವಿಎಂನ ಮುಖ್ಯ ಮೆನು ಬರುತ್ತದೆ.

ಲಕ್ಷಣ: ಸೇವ್ ಮಾಡಿದ ಆಟ ಕಾಣುತ್ತಿಲ್ಲ

ಇಲ್ಲಿ ಆತುರ ಬೇಡ. ಕಾಣದ ಸೇವ್‌ಗಳು ಅನೇಕ ಸಲ ಎಲ್ಲಿಯೋ ಕೂತಿರುತ್ತವೆ, ಗಾಬರಿಯಲ್ಲಿ ನಾವೇ ಅಳಿಸುತ್ತೇವೆ.

ಒಂದೇ ಆಟವನ್ನು ಎರಡು ಸಲ ಸೇರಿಸಿದ್ದೀರಾ ನೋಡಿ. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಾಲಿನಲ್ಲಿದ್ದರೆ ಸೇವ್‌ಗಳು ಹಳೆಯ ಸಾಲಿಗೆ ಸೇರಿರಬಹುದು. ಅದನ್ನು ತೆರೆದು ನೋಡದೆ ತೆಗೆಯಬೇಡಿ. ಆಮೇಲೆ ಆಯ್ಕೆಗಳಲ್ಲಿ ಸೇವ್ ಇಡುವ ಜಾಗ ಬದಲಾಗಿದೆಯೇ ನೋಡಿ. ಜಾಗ ಬದಲಾಯಿಸಿದಾಗ ಹಳೆಯ ಸೇವ್‌ಗಳು ಹಿಂದಿನ ಜಾಗದಲ್ಲೇ ಉಳಿಯುತ್ತವೆ. ಜಾಗವನ್ನು ಮೊದಲಿನಂತೆ ಮಾಡಿದರೆ ಅವು ಮರಳಿ ಕಾಣುತ್ತವೆ.

ಕರೆ ಬಂದು ಮಾತನಾಡಿ ಬರುವಷ್ಟರಲ್ಲಿ ಆಟ ಮೊದಲಿನಿಂದ ಶುರುವಾಯಿತೇ? ಜ್ಞಾಪಕಶಕ್ತಿ ಕಡಿಮೆಯಿರುವ ಫೋನುಗಳು ಹಿಂದೆ ಸರಿದ ಆ್ಯಪನ್ನು ಮುಚ್ಚಿಬಿಡುತ್ತವೆ. ಸ್ಕಮ್‌ವಿಎಂ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ತಾನೇ ಸೇವ್ ಮಾಡುತ್ತದೆ, ಸೇವ್ ಪಟ್ಟಿಯ ಮೊದಲ ಸಾಲಿನಲ್ಲಿ ಹುಡುಕಿ. ಇನ್ನು ಮುಂದೆ ಹೀಗಾಗದಿರಲು ಫೋನಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಈ ಆ್ಯಪಿಗೆ ನಿರ್ಬಂಧವಿಲ್ಲ ಎಂದು ಬದಲಾಯಿಸಿ.

ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದ್ದರೆ, ಅಥವಾ ಸಂಗ್ರಹ ಖಾಲಿ ಮಾಡಲು ಹೋಗಿ ‘ಕ್ಯಾಶೆ’ ಬದಲು ‘ಡೇಟಾ’ ಅಳಿಸಿದ್ದರೆ, ಆ್ಯಪಿನ ಒಳಗಿದ್ದ ಸೇವ್‌ಗಳು ಹೋಗಿವೆ ಎಂದು ತಿಳಿಯಿರಿ. ಅವನ್ನು ಮರಳಿ ತರುತ್ತೇವೆ ಎನ್ನುವ ಆ್ಯಪ್‌ಗಳಿಗೆ ಹಣ ಕೊಡಬೇಡಿ; ಫೋನಿನ ಆ ಒಳಕೋಣೆಗೆ ಅವಕ್ಕೆ ಪ್ರವೇಶವಿಲ್ಲ.

ಆದ್ದರಿಂದ ತೊಂದರೆ ಬರುವ ಮೊದಲೇ ಸೇವ್‌ಗಳನ್ನು ಹೊರಗೆ ಇಟ್ಟುಕೊಳ್ಳಿ. ಸ್ಕಮ್‌ವಿಎಂ ಆಯ್ಕೆಗಳಲ್ಲಿ ಕ್ಲೌಡ್ ವಿಭಾಗವಿದೆ. ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಖಾತೆಗೆ ಜೋಡಿಸಿದರೆ ಪ್ರತಿ ಅಲ್ಲಿ ಉಳಿಯುತ್ತದೆ. ಖಾತೆ ಜೋಡಿಸಲು ಮನಸ್ಸಿಲ್ಲದವರಿಗೆ ಅಲ್ಲೇ ಪಕ್ಕದಲ್ಲಿ ಸ್ಥಳೀಯ ಸರ್ವರ್ ಎಂಬ ಸೌಲಭ್ಯವಿದೆ. ಅದನ್ನು ಶುರು ಮಾಡಿದರೆ ಒಂದು ವಿಳಾಸ ತೋರಿಸುತ್ತದೆ. ಅದೇ ವೈಫೈನಲ್ಲಿರುವ ಕಂಪ್ಯೂಟರಿನ ಬ್ರೌಸರಿನಲ್ಲಿ ಆ ವಿಳಾಸ ಹಾಕಿ ಸೇವ್‌ಗಳನ್ನು ಇಳಿಸಿಕೊಳ್ಳಬಹುದು. ಮನೆಯ ವೈಫೈನಲ್ಲಿ ಮಾತ್ರ ಇದನ್ನು ಮಾಡಿ, ಕೆಲಸವಾದ ಕೂಡಲೇ ನಿಲ್ಲಿಸಿ. ಅಣ್ಣನ ಮಗಳು ಈಗ ಪ್ರತಿ ಭಾನುವಾರ ಇದನ್ನು ಮಾಡುತ್ತಾಳೆ, ನೆನಪಿಸಬೇಕಾಗಿಲ್ಲ.

ಲಕ್ಷಣ: ಆಟ ಮುಂದೆ ಹೋಗುತ್ತಿಲ್ಲ

ಇದು ದೋಷವೋ ಒಗಟೋ ಎಂದು ತಿಳಿಯುವುದು ಈ ಆಟಗಳ ಮಟ್ಟಿಗೆ ಬಹಳ ಮುಖ್ಯ. ಮುಖ್ಯ ಮೆನು ತೆರೆಯಿರಿ. ಮೆನು ತೆರೆದುಕೊಂಡು, ಮುಚ್ಚಿದ ಮೇಲೆ ಸಂಗೀತ ಮುಂದುವರಿದರೆ, ಪಾತ್ರ ಹೇಳಿದ ಕಡೆ ನಡೆದರೆ, ಯಂತ್ರ ಆರೋಗ್ಯವಾಗಿದೆ. ನೀವು ಒಗಟಿನ ಎದುರು ನಿಂತಿದ್ದೀರಿ. ಬಾಣ ಮಾಯವಾಗಿ ಯಾವ ತಟ್ಟಿಗೂ ಉತ್ತರವಿಲ್ಲದಿದ್ದರೆ ಅದು ಕಥೆಯ ದೃಶ್ಯವೂ ಆಗಿರಬಹುದು, ಒಂದೆರಡು ನಿಮಿಷ ಕಾಯಿರಿ. ಒಂದೇ ಸ್ವರ ಎಳೆದುಕೊಂಡು ನಿಂತು ಮೆನುವೂ ಬಾರದಿದ್ದರೆ ಮಾತ್ರ ಆಟ ಸಿಕ್ಕಿಹಾಕಿಕೊಂಡಿದೆ. ಹಿಂದಿನ ಸೇವ್‌ನಿಂದ ಅದೇ ಜಾಗಕ್ಕೆ ಮತ್ತೆ ಹೋಗಿ. ಪ್ರತಿ ಸಲವೂ ಅಲ್ಲಿಯೇ ನಿಂತರೆ ಫೈಲನ್ನು ಹೊಸದಾಗಿ ಇಳಿಸಿ ಹಳೆಯದರ ಜಾಗದಲ್ಲಿಡಿ. ಸೇವ್‌ಗಳಿಗೆ ಏನೂ ಆಗುವುದಿಲ್ಲ. ಆಗಲೂ ನಿಂತರೆ ಸ್ಕಮ್‌ವಿಎಂ ತಂಡಕ್ಕೆ ತಿಳಿಸಬಹುದು. ಆ್ಯಪಿನ ಆವೃತ್ತಿ ಸಂಖ್ಯೆ, ಆಟ ಫ್ಲಾಪಿಯದೋ ಸಿಡಿಯದೋ, ಆ ಜಾಗಕ್ಕೆ ಮುಂಚಿನ ಸೇವ್ ಫೈಲ್, ಇವಿಷ್ಟನ್ನು ಜೊತೆಗೆ ಕೊಡಿ.

ಮೂರನೆಯ ಸಾಧ್ಯತೆಯೂ ಒಂದಿದೆ. 1984ರಲ್ಲಿ ಶುರುವಾದ ‘ಕಿಂಗ್ಸ್ ಕ್ವೆಸ್ಟ್’ ಸಾಲಿನಂಥ ಸಿಯೆರಾ ಆಟಗಳಲ್ಲಿ ಆರಂಭದಲ್ಲಿ ಒಂದು ವಸ್ತುವನ್ನು ಬಿಟ್ಟು ಬಂದರೆ ಗಂಟೆಗಟ್ಟಲೆ ಆಡಿದ ಮೇಲೆ ದಾರಿಯೇ ಇಲ್ಲದಂತೆ ಆಗುವುದುಂಟು. ಅಲ್ಲಿ ಒಂದೇ ಸೇವ್ ಮೇಲೆ ಮತ್ತೆ ಮತ್ತೆ ಬರೆಯಬೇಡಿ, ಬೇರೆ ಬೇರೆ ಹೆಸರಿನಲ್ಲಿ ಹತ್ತಾರು ಇಡಿ. 1990ರ ‘ಮಂಕಿ ಐಲ್ಯಾಂಡ್’ನಿಂದ ಈಚಿನ ಲ್ಯೂಕಸ್ ಆಟಗಳಲ್ಲಿ ಈ ಭಯ ಕಡಿಮೆ. ಹೊಸಬರಿಗೆ ನಾನು ಅವನ್ನೇ ಮೊದಲು ಹೇಳುತ್ತೇನೆ.

ಲಕ್ಷಣ: ವರ್ಷಗಳ ಹಿಂದೆ ಕೊಂಡ ಆಟದ ಆ್ಯಪ್ ಹೊಸ ಫೋನಿನಲ್ಲಿ ಕೂರುವುದಿಲ್ಲ

ಹಳೆಯ 32 ಬಿಟ್ ಆ್ಯಪ್‌ಗಳನ್ನು ಕೆಲವು ಹೊಸ ಫೋನುಗಳು ಒಪ್ಪುವುದೇ ಇಲ್ಲ. ಆಂಡ್ರಾಯ್ಡ್ 14 ತೀರಾ ಹಳೆಯ ಕಾಲಕ್ಕೆ ಬರೆದ ಆ್ಯಪ್‌ಗಳನ್ನು ತಡೆಯುತ್ತದೆ. ನಿಮ್ಮಿಂದ ಆಗುವುದು ಏನೂ ಇಲ್ಲ. ಅದೇ ಆಟದ ಕಂಪ್ಯೂಟರ್ ಆವೃತ್ತಿಯನ್ನು ಕೊಂಡು ಸ್ಕಮ್‌ವಿಎಂನಲ್ಲಿ ಆಡಿ.

ಲಕ್ಷಣ: ಫೋನ್ ಬಿಸಿಯಾಗುತ್ತದೆ

ಸ್ಟೀಲ್ ಸ್ಕೈಯಂಥ ಆಟಗಳು ಇಂದಿನ ಫೋನಿಗೆ ಭಾರವಲ್ಲ. ಕೈಗೆ ಸುಡುವಷ್ಟು ಬಿಸಿಯಾದರೆ ಚಾರ್ಜಿಗೆ ಹಾಕಿಕೊಂಡೇ ಆಡುತ್ತಿದ್ದೀರಾ, ಪರದೆಯ ಬೆಳಕು ತುದಿಗಿದೆಯೇ, ದಪ್ಪ ಕವರ್ ಇದೆಯೇ ನೋಡಿ. ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಪಕ್ಕ ಕೂತು ಆಡಿದರೂ ಇಷ್ಟೇ. ದಿಂಬಿನಡಿ ಇಟ್ಟು ಚಾರ್ಜ್ ಮಾಡಬೇಡಿ.

ಹಿಂಬದಿ ಉಬ್ಬಿದ್ದರೆ, ಪರದೆಯ ಅಂಚು ಎದ್ದಿದ್ದರೆ, ಮೇಜಿನ ಮೇಲಿಟ್ಟಾಗ ಫೋನ್ ಓಲಾಡಿದರೆ, ಆಟದ ಮಾತು ಅಲ್ಲಿಗೆ ಮುಗಿಯಿತು. ಬ್ಯಾಟರಿ ಊದಿದೆ. ಫೋನನ್ನು ಸ್ವಿಚ್ ಆಫ್ ಮಾಡಿ, ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಬೆಂಕಿ ಹಿಡಿಯುವ ವಸ್ತುಗಳಿಂದ ದೂರವಿಟ್ಟು ಅಂದೇ ರಿಪೇರಿಗೆ ಒಯ್ಯಿರಿ. ಹೊಗೆ ಅಥವಾ ಸಿಹಿಯಂಥ ಘಾಟು ಬಂದರೆ ಮುಟ್ಟದೆ ಕೋಣೆಯಿಂದ ಹೊರಬನ್ನಿ, 112ಕ್ಕೆ ಕರೆ ಮಾಡಿ.

ರಿಪೇರಿಗೆ ಕೊಡುವಾಗ

ಡಿಸ್‌ಪ್ಲೇ ಅಥವಾ ಬ್ಯಾಟರಿಗಾಗಿ ದೇವರಾಜ ಅರಸು ರಸ್ತೆಯ ಅಂಗಡಿಗೆ ಹೋದರೂ, ಕಂಪನಿಯ ಸೇವಾ ಕೇಂದ್ರಕ್ಕೆ ಹೋದರೂ, ಕೌಂಟರಿನಲ್ಲಿ ಮೊದಲೇ ಒಂದು ಮಾತು ಕೇಳಿ: “ರಿಸೆಟ್ ಮಾಡುತ್ತೀರಾ?” ಹೌದು ಎಂದರೆ ಫೋನನ್ನು ವಾಪಸು ತೆಗೆದುಕೊಂಡು ಬಂದು, ಸ್ಥಳೀಯ ಸರ್ವರ್ ಶುರು ಮಾಡಿ ಸೇವ್‌ಗಳನ್ನು ಇಳಿಸಿಕೊಂಡು, ಆಮೇಲೆ ಕೊಡಿ. ಊದಿದ ಬ್ಯಾಟರಿಯಿದ್ದರೆ ಮಾತ್ರ ಇದಕ್ಕಾಗಿ ಫೋನನ್ನು ಮತ್ತೆ ಆನ್ ಮಾಡಬೇಡಿ. ಬ್ಯಾಟರಿ ಬದಲಾಯಿಸಲು ರಿಸೆಟ್ ಬೇಕಾಗಿಲ್ಲ ಎಂದು ಅಂಗಡಿಯವರಿಗೆ ಹೇಳಿ, ರಸೀದಿಯ ಮೇಲೆ ‘ಡೇಟಾ ಅಳಿಸಬಾರದು’ ಎಂದು ಬರೆಸಿಕೊಳ್ಳಿ.